ಓಡುತ್ತಿರುವ ಸರ್ವರಿನ ನಾಡಿ ನೋಡುವುದು ಹೇಗೆ?

ಲ್ಯಾಬ್‌ನಲ್ಲಿ ಪ್ರೋಗ್ರಾಂ ಕೈಕೊಟ್ಟರೆ ನಾವೆಲ್ಲ ಮಾಡೋದು ಒಂದೇ ಕೆಲಸ. ನಿಲ್ಲಿಸ್ತೀವಿ, ಎರಡು ಕಡೆ ಪ್ರಿಂಟ್ ಹಾಕ್ತೀವಿ, ಮತ್ತೆ ಓಡಿಸ್ತೀವಿ. ಅದಕ್ಕೂ ಬಗ್ಗಲಿಲ್ಲ ಅಂದರೆ ಬ್ರೇಕ್‌ಪಾಯಿಂಟ್ ಇಟ್ಟು ಒಂದೊಂದೇ ಸಾಲು ನೋಡ್ತೀವಿ. ಆ ಪ್ರೋಗ್ರಾಂನೊಳಗೆ ನಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲದ ಕಾರಣ ಎಷ್ಟು ಸಲ ನಿಲ್ಲಿಸಿದರೂ ಕೇಳೋರಿಲ್ಲ.

ಸರ್ವರ್ ಹಾಗಲ್ಲ. ಅದರೊಳಗೆ ಆ ಹೊತ್ತಿಗೆ ನೂರಾರು ಜನರ ಕೆಲಸ ಅರ್ಧಂಬರ್ಧ ಆಗಿ ನಿಂತಿರುತ್ತೆ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಾಸನದ ಒಂದು ಕಾಲೇಜಿಗೆ ನಗರದೊಳಗಿನಿಂದ, ಹೊಳೆನರಸೀಪುರದಿಂದ, ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ನಾಲ್ಕು ಕಾಲೇಜು ಬಸ್ಸುಗಳು ಬರುತ್ತವೆ ಅಂತಿಟ್ಟುಕೊಳ್ಳಿ. ಸೀಟು ಕಾದಿರಿಸೋಕೆ, ಒಂದು ಬಸ್ಸಿನಿಂದ ಇನ್ನೊಂದಕ್ಕೆ ಸೀಟು ಬದಲಾಯಿಸಿಕೊಳ್ಳೋಕೆ ಒಂದು ಪುಟ್ಟ ಸರ್ವರ್ ಇದೆ. ಪರೀಕ್ಷೆಯ ದಿನ ಬೆಳಗ್ಗೆ ಎಲ್ಲರೂ ಒಟ್ಟಿಗೆ ಮೊಬೈಲ್ ತೆಗೆದರು. ಚಕ್ರ ತಿರುಗ್ತಾನೇ ಇದೆ. ಉತ್ತರವೂ ಇಲ್ಲ, ಎರರ್ ಕೂಡ ಇಲ್ಲ. ಪ್ರೋಗ್ರಾಂ ಸತ್ತಿಲ್ಲ, ಆದರೆ ಕೆಲಸ ಮಾಡ್ತಾ ಇಲ್ಲ.

ಇಂಥ ಹೊತ್ತಲ್ಲಿ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಅನ್ನೋದು ಈ ಲೇಖನದ ವಿಷಯ. ನಮ್ಮ ಸಿಲಬಸ್ಸಿನಲ್ಲಿ ಆಪರೇಟಿಂಗ್ ಸಿಸ್ಟಮ್ ಇದೆ, ಡೆಡ್‌ಲಾಕ್ ಇದೆ. ಓಡುತ್ತಿರುವ ಪ್ರೋಗ್ರಾಂ ಒಂದರಲ್ಲಿ ಅದನ್ನು ಕಣ್ಣಾರೆ ಹಿಡಿಯೋದು ಮಾತ್ರ ಪರೀಕ್ಷೆಗೆ ಬರಲ್ಲ.

ರೀಸ್ಟಾರ್ಟ್ ಯಾಕೆ ಮೊದಲ ಮದ್ದಲ್ಲ

ಎಲ್ಲರ ಕೈಯೂ ಮೊದಲು ಹೋಗೋದು ರೀಸ್ಟಾರ್ಟ್ ಕಡೆಗೆ. ಹತ್ತರಲ್ಲಿ ಒಂಬತ್ತು ಸಲ ಅದು ಕೆಲಸವನ್ನೂ ಮಾಡುತ್ತೆ. ತೊಂದರೆ ಇರೋದು ಅಲ್ಲೇ.

ತಪ್ಪು ಎಲ್ಲಿದೆ ಅನ್ನೋದರ ಸಾಕ್ಷಿ ಇರೋದು ಆ ಪ್ರಾಸೆಸ್ಸಿನ ಮೆಮೊರಿಯಲ್ಲಿ. ಯಾವ ಥ್ರೆಡ್ ಯಾವ ಸಾಲಿನಲ್ಲಿ ನಿಂತಿದೆ, ಯಾವ ಲಾಕ್ ಯಾರ ಕೈಲಿದೆ, ಸರದಿಯಲ್ಲಿ ಎಷ್ಟು ಕೋರಿಕೆ ಕಾಯ್ತಿವೆ, ಡೇಟಾಬೇಸಿಗೆ ಎಷ್ಟು ಸಂಪರ್ಕ ತೆರೆದಿವೆ, ಇಷ್ಟೂ ಅಲ್ಲೇ ಇರುತ್ತೆ. ರೀಸ್ಟಾರ್ಟ್ ಮಾಡಿದ ಕ್ಷಣ ಇದೆಲ್ಲ ಅಳಿಸಿ ಹೋಗುತ್ತೆ. ಸರ್ವರ್ ಮತ್ತೆ ಎದ್ದು ನಿಲ್ಲುತ್ತೆ, ಎಲ್ಲರೂ ಉಸಿರು ಬಿಡ್ತಾರೆ, ತಪ್ಪು ಮಾತ್ರ ಕೋಡಿನಲ್ಲಿ ಹಾಗೇ ಇರುತ್ತೆ. ಮುಂದಿನ ಪರೀಕ್ಷೆಯ ಬೆಳಗ್ಗೆ ಮತ್ತೆ ಬರುತ್ತೆ. ಆಗಲೂ ನಮ್ಮ ಕೈಲಿ ಸಾಕ್ಷಿ ಇರೋದಿಲ್ಲ.

ಹಾಗಂತ ಜನ ಕಾಯ್ತಿದ್ದಾಗ ಗಂಟೆಗಟ್ಟಲೆ ಸಂಶೋಧನೆ ಮಾಡ್ತಾ ಕೂರೋದೂ ಸರಿಯಲ್ಲ. ಬಸ್ಸು ಹೊರಡೋ ಹೊತ್ತು ಹತ್ತಿರವಾಗಿದ್ದರೆ ರೀಸ್ಟಾರ್ಟ್ ಮಾಡಲೇಬೇಕು. ನಿಯಮ ಇಷ್ಟೇ: ಮೊದಲು ಸಾಕ್ಷಿ ತೆಗೆದಿಡಿ, ಆಮೇಲೆ ರೀಸ್ಟಾರ್ಟ್ ಮಾಡಿ. ಅಭ್ಯಾಸ ಇದ್ದರೆ ಸಾಕ್ಷಿ ತೆಗೆಯೋಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಏನು ಮಾಡಬೇಕು ಅನ್ನೋದನ್ನು ಮುಂಚೆಯೇ ತಿಳಿದಿರಬೇಕು.

ಸಾಲಗಾಮೆ ರಸ್ತೆಯ ಪಾಠ

ಹತ್ತಿರ ಹೋಗೋಕಾಗದ, ನಿಲ್ಲಿಸೋಕಾಗದ ಯಂತ್ರವನ್ನು ದೂರದಿಂದಲೇ ಸರಿಮಾಡೋ ಕೆಲಸ ನಮ್ಮ ಊರಿಗೆ ಹೊಸದಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ನಾವೆಲ್ಲ ಎಂಸಿಎಫ್ ಅಂತ ಕರೆಯೋದು ಅದನ್ನೇ. 1982ರಲ್ಲಿ ಶುರುವಾದ ಈ ಕೇಂದ್ರ, ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುತ್ತೆ. 2005ರಲ್ಲಿ ಭೋಪಾಲದಲ್ಲಿ ಇಂಥದೇ ಎರಡನೇ ಕೇಂದ್ರ ಬಂತು.

ಭೂಸ್ಥಿರ ಕಕ್ಷೆ ಅಂದರೆ ಸಮಭಾಜಕದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರ. ರೇಡಿಯೋ ಸಂಕೇತ ಹೋಗಿ ಬರೋಕೆ ಸುಮಾರು ಕಾಲು ಸೆಕೆಂಡ್. ಅಲ್ಲಿ ಏನಾದರೂ ಕೆಟ್ಟರೆ ಸ್ಪ್ಯಾನರ್ ಹಿಡಿದು ಹೋಗೋಕಾಗಲ್ಲ. ಇರೋದು ಎರಡೇ ದಾರಿ. ಒಂದು ಟೆಲಿಮೆಟ್ರಿ: ಉಪಗ್ರಹ ತನ್ನ ತಾಪಮಾನ, ಬ್ಯಾಟರಿಯ ವೋಲ್ಟೇಜ್, ಯಾವ ಕಡೆಗೆ ಮುಖ ಮಾಡಿದೆ ಅನ್ನೋದನ್ನೆಲ್ಲ ತಾನೇ ಕೆಳಗೆ ಕಳಿಸ್ತಾ ಇರೋದು. ಇನ್ನೊಂದು ಕಮಾಂಡ್: ನಾವು ಕೆಳಗಿನಿಂದ ಹೀಗೆ ಮಾಡು ಅಂತ ಹೇಳೋದು. ಮೊದಲನೆಯದು ನೋಡೋದು, ಎರಡನೆಯದು ಮುಟ್ಟೋದು.

ಹಳೆಯ ಎರಡು ಉಪಗ್ರಹಗಳ ಕಥೆ ಇಲ್ಲಿ ಕೆಲಸಕ್ಕೆ ಬರುತ್ತೆ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎಗೆ ಶುರುವಿನಿಂದಲೇ ತೊಂದರೆ. ಅದರ ಸೌರಪಟ ಬಿಚ್ಚಿಕೊಳ್ಳಲೇ ಇಲ್ಲ. ಅದೇ ಸೆಪ್ಟೆಂಬರ್‌ನಲ್ಲಿ, ದಿಕ್ಕು ಸರಿಪಡಿಸಿಕೊಳ್ಳೋ ಇಂಧನ ಖಾಲಿಯಾಗಿ ಉಪಗ್ರಹವನ್ನು ಕೈಬಿಡಬೇಕಾಯ್ತು. ಮರುವರ್ಷ, 1983ರ ಆಗಸ್ಟ್ 30ರಂದು, ಚಾಲೆಂಜರ್ ನೌಕೆಯಲ್ಲಿ ಇನ್ಸಾಟ್-1ಬಿ ಮೇಲೆ ಹೋಯ್ತು. ಅದರ ಸೌರಫಲಕವೂ ಬಿಚ್ಚಿಕೊಳ್ಳಲು ಹಟ ಹಿಡಿಯಿತು. ಅದನ್ನು ತಯಾರಿಸಿದ ಫೋರ್ಡ್ ಕಂಪನಿಯ ಎಂಜಿನಿಯರುಗಳೂ ನಮ್ಮ ನಿಯಂತ್ರಕರೂ ಸೆಪ್ಟೆಂಬರ್ ಮಧ್ಯದವರೆಗೆ ಪಟ್ಟುಹಿಡಿದು ಕೂತು ಫಲಕವನ್ನು ಬಿಚ್ಚಿಸಿದರು. ದೂರದರ್ಶನ ಊರೂರಿಗೆ ಹರಡಿದ ವರ್ಷಗಳಲ್ಲಿ ದುಡಿದದ್ದು ಇದೇ ಉಪಗ್ರಹ.

ಇನ್ನೊಂದು ಘಟನೆ ನಮ್ಮ ಕಾಲದ್ದು. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ, ಮಾರ್ಚ್ 31ರಂದು ಎರಡನೇ ಸಲ ಎಂಜಿನ್ ಉರಿಸಿ ಕಕ್ಷೆ ಏರಿಸಿಕೊಂಡಿತು. ಮೂರನೇ ಸಲ ಉರಿಸೋ ಮೊದಲೇ ಸಂಪರ್ಕ ಕಡಿದುಹೋಯ್ತು. ಟೆಲಿಮೆಟ್ರಿ ನಿಂತ ಮೇಲೆ ಎಷ್ಟು ಜಾಣರಿದ್ದರೂ ಹೆಚ್ಚೇನೂ ಮಾಡೋಕಾಗಲ್ಲ.

ಇದರಿಂದ ಸರ್ವರ್ ನೋಡಿಕೊಳ್ಳೋ ನಮಗೆ ಮೂರು ಮಾತು ಸಿಗುತ್ತೆ. ಮುಟ್ಟೋ ಮೊದಲು ನೋಡು. ಮುಟ್ಟಿದರೆ ಸ್ವಲ್ಪವೇ ಮುಟ್ಟು. ನೋಡೋ ದಾರಿಯನ್ನು ಮಾತ್ರ ಯಾವತ್ತೂ ಕಳಕೊಳ್ಳಬೇಡ.

ಮೊದಲು ನೋಡೋದು: ಹೊರಗಿನಿಂದ

ಲಿನಕ್ಸ್ ಸರ್ವರಿಗೆ ಲಾಗಿನ್ ಆದ ತಕ್ಷಣ ಕೇಳಬೇಕಾದ ಪ್ರಶ್ನೆ ಒಂದೇ: ಈ ಪ್ರೋಗ್ರಾಂ ವಿಪರೀತ ದುಡೀತಿದೆಯಾ, ಅಥವಾ ಸುಮ್ಮನೆ ಕಾಯ್ತಿದೆಯಾ? ಟಾಪ್ ಕಮಾಂಡ್ ಹಾಕಿದರೆ ಉತ್ತರ ಸಿಗುತ್ತೆ. ಸಿಪಿಯು ನೂರು ಪರ್ಸೆಂಟ್ ಇದ್ದರೆ ಎಲ್ಲೋ ಮುಗಿಯದ ಲೂಪ್ ಇರಬಹುದು, ಅಥವಾ ಕೆಲಸವೇ ಜಾಸ್ತಿ ಇರಬಹುದು. ಸಿಪಿಯು ಸೊನ್ನೆಯ ಹತ್ತಿರ ಇದ್ದೂ ಉತ್ತರ ಬರ್ತಿಲ್ಲ ಅಂದರೆ ಅದು ಯಾವುದಕ್ಕೋ ಕಾಯ್ತಿದೆ. ಲಾಕ್‌ಗೆ ಕಾಯ್ತಿರಬಹುದು, ಡೇಟಾಬೇಸಿಗೆ, ನೆಟ್‌ವರ್ಕಿಗೆ ಅಥವಾ ಡಿಸ್ಕಿಗೆ ಕಾಯ್ತಿರಬಹುದು. ಈ ಒಂದು ನೋಟಕ್ಕೇ ಅರ್ಧ ಅನುಮಾನಗಳು ಬಿದ್ದುಹೋಗುತ್ತವೆ.

ಎರಡನೆಯದು ಡಿಸ್ಕ್. ಡಿಎಫ್ ಕಮಾಂಡ್‌ನಿಂದ ಜಾಗ ಎಷ್ಟಿದೆ ನೋಡಿ. ಡಿಸ್ಕ್ ತುಂಬಿದ್ದರೆ ಲಾಗ್ ಬರೆಯೋದೇ ನಿಂತಿರುತ್ತೆ. ಲಾಗ್‌ನಲ್ಲಿ ಏನೂ ಇಲ್ಲ, ಹಾಗಾದರೆ ಏನೂ ಆಗಿಲ್ಲ ಅಂತ ನಾವು ಮೋಸ ಹೋಗ್ತೀವಿ. ಸರ್ವರಿನ ಟೆಲಿಮೆಟ್ರಿ ಕಡಿದುಹೋಗೋದು ಅಂದರೆ ಇದೇ.

ಮೂರನೆಯದು ಸಂಪರ್ಕಗಳು. ಎಸ್‌ಎಸ್ ಕಮಾಂಡ್ ಯಾವ ಪೋರ್ಟಿಗೆ ಎಷ್ಟು ಸಂಪರ್ಕ ಇದೆ ಅಂತ ತೋರಿಸುತ್ತೆ. ಪ್ರತಿ ಸಂಪರ್ಕವೂ, ತೆರೆದ ಪ್ರತಿ ಫೈಲೂ ಒಂದು ಫೈಲ್ ಡಿಸ್ಕ್ರಿಪ್ಟರ್ ತಿನ್ನುತ್ತೆ. ಬಹಳಷ್ಟು ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದು ಪ್ರಾಸೆಸ್ಸಿಗೆ ಮೊದಲೇ ಇರುವ ಮಿತಿ 1024. ತೆರೆದದ್ದನ್ನು ಮುಚ್ಚದೆ ಬಿಡೋ ಕೋಡ್ ಇದ್ದರೆ ಈ ಲೆಕ್ಕ ದಿನದಿನಕ್ಕೆ ಏರ್ತಾ ಹೋಗಿ, ಒಂದು ದಿನ ಹೊಸಬರಿಗೆ ಬಾಗಿಲೇ ತೆರೆಯಲ್ಲ. ಪ್ರಾಕ್ ಎಂಬ ಡೈರೆಕ್ಟರಿಯೊಳಗೆ ಪ್ರಾಸೆಸ್ಸಿನ ನಂಬರಿನ ಹೆಸರಲ್ಲೇ ಒಂದು ಡೈರೆಕ್ಟರಿ ಇರುತ್ತೆ. ಅದರೊಳಗಿನ ಎಫ್‌ಡಿ ಭಾಗವನ್ನು ಎಣಿಸಿದರೆ ಈಗ ಎಷ್ಟು ತೆರೆದಿವೆ ಅಂತ ಗೊತ್ತಾಗುತ್ತೆ.

ಈ ಮೂರರಲ್ಲಿ ಯಾವುದೂ ಪ್ರೋಗ್ರಾಂ ಅನ್ನು ಮುಟ್ಟೋದಿಲ್ಲ. ಕರ್ನಲ್ ಹೇಗಿದ್ದರೂ ಇಟ್ಟುಕೊಂಡಿರೋ ಲೆಕ್ಕವನ್ನು ಓದ್ತೀವಿ, ಅಷ್ಟೇ. ಆದ್ದರಿಂದ ಇವು ಮೊದಲು.

ಆಮೇಲೆ ಒಳಗಿನಿಂದ: ಥ್ರೆಡ್ಡುಗಳನ್ನೇ ಕೇಳೋದು

ನಮ್ಮ ಬಸ್ ಸರ್ವರಿನಲ್ಲಿ ಸಿಪಿಯು ಸೊನ್ನೆ, ಡಿಸ್ಕಿನಲ್ಲಿ ಜಾಗ ಇದೆ, ಡಿಸ್ಕ್ರಿಪ್ಟರ್ ಮಿತಿ ಮುಟ್ಟಿಲ್ಲ ಅಂತ ಗೊತ್ತಾಯ್ತು. ಅಂದರೆ ಥ್ರೆಡ್ಡುಗಳು ಯಾವುದಕ್ಕೋ ಕಾಯ್ತಿವೆ. ಯಾವುದಕ್ಕೆ ಅಂತ ಅವುಗಳನ್ನೇ ಕೇಳಬೇಕು. ಇದಕ್ಕೆ ಥ್ರೆಡ್ ಡಂಪ್ ಅಂತಾರೆ. ಈ ಕ್ಷಣದಲ್ಲಿ ಪ್ರತಿ ಥ್ರೆಡ್ ಯಾವ ಫಂಕ್ಷನ್ನಿನ ಎಷ್ಟನೇ ಸಾಲಿನಲ್ಲಿದೆ ಅನ್ನೋದರ ಪಟ್ಟಿ ಅದು.

ಜಾವಾ ಆದರೆ ಜೆಸ್ಟ್ಯಾಕ್ ಅನ್ನೋ ಉಪಕರಣ ಜೆಡಿಕೆ ಜೊತೆಗೇ ಬರುತ್ತೆ. ಪ್ರಾಸೆಸ್ಸಿಗೆ ಸಿಗ್‌ಕ್ವಿಟ್ ಸಂಕೇತ ಕಳಿಸಿದರೂ, ಅಂದರೆ ಕಿಲ್ ಮೈನಸ್ 3 ಹಾಕಿದರೂ, ಜಾವಾ ಡಂಪ್ ಬರೆದು ಮುಂದೆ ಓಡ್ತಾ ಇರುತ್ತೆ. ಇಲ್ಲೊಂದು ಎಚ್ಚರ: ಗೋ ಭಾಷೆಯ ಪ್ರೋಗ್ರಾಂಗೆ ಅದೇ ಸಂಕೇತ ಕಳಿಸಿದರೆ ಅದು ಸ್ಟ್ಯಾಕ್ ಬರೆದು ತಾನೇ ಮುಗಿದುಹೋಗುತ್ತೆ. ಒಂದು ಭಾಷೆಯ ಅಭ್ಯಾಸವನ್ನು ಇನ್ನೊಂದಕ್ಕೆ ಹಾಗೇ ತರಬಾರದು. ಪೈಥಾನ್ ಆದರೆ ಪೈ-ಸ್ಪೈ ಅನ್ನೋ ಉಪಕರಣದ ಡಂಪ್ ಆಯ್ಕೆ ಇದೆ. ಅದು ಪ್ರೋಗ್ರಾಂ ಅನ್ನು ಕ್ಷಣಮಾತ್ರ ತಡೆದು ಪಟ್ಟಿ ಕೊಡುತ್ತೆ, ಕೋಡಿನಲ್ಲಿ ಏನೂ ಬದಲಿಸಬೇಕಿಲ್ಲ.

ಸಿ ಅಥವಾ ಸಿ++ ಆದರೆ ಜಿಡಿಬಿ. ಲ್ಯಾಬ್‌ನಲ್ಲಿ ಬಳಸಿದ ಅದೇ ಜಿಡಿಬಿಯನ್ನು ಓಡ್ತಿರೋ ಪ್ರಾಸೆಸ್ಸಿಗೂ ಅಂಟಿಸಬಹುದು. ಆದರೆ ಅಂಟಿಸಿದ ಕೂಡಲೇ ಇಡೀ ಪ್ರಾಸೆಸ್ ನಿಂತುಬಿಡುತ್ತೆ. ನಾವು ಆರಾಮಾಗಿ ವೇರಿಯಬಲ್ ನೋಡ್ತಾ ಕೂತಷ್ಟು ಹೊತ್ತು ಎಲ್ಲ ಊರಿನವರೂ ಕಾಯಬೇಕು. ಅದಕ್ಕೇ ಬಲ್ಲವರು ಜಿಡಿಬಿಯನ್ನು ಕೈಯಿಂದ ನಡೆಸೋ ಬದಲು, ಅಂಟು, ಎಲ್ಲ ಥ್ರೆಡ್ಡುಗಳ ಬ್ಯಾಕ್‌ಟ್ರೇಸ್ ಬರೆ, ಬಿಡು ಅಂತ ಒಂದೇ ಏಟಿಗೆ ಹೇಳ್ತಾರೆ. ಇಲ್ಲವೇ ಜಿ-ಕೋರ್‌ನಿಂದ ಮೆಮೊರಿಯ ಪೂರ್ತಿ ನಕಲು ತೆಗೆದು, ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ ನೋಡ್ತಾರೆ. ನಕಲು ತೆಗೆಯೋ ಹೊತ್ತು ಮಾತ್ರ ಪ್ರೋಗ್ರಾಂ ನಿಲ್ಲುತ್ತೆ. ಎಸ್‌ಟ್ರೇಸ್ ಕೂಡ ಒಳ್ಳೆಯ ಉಪಕರಣವೇ. ಪ್ರೋಗ್ರಾಂ ಕರ್ನಲ್ಲಿಗೆ ಮಾಡೋ ಪ್ರತಿ ಕರೆಯನ್ನೂ ತೋರಿಸುತ್ತೆ. ಆದರೆ ಅದು ಪ್ರೋಗ್ರಾಂ ಅನ್ನು ಬಹಳ ನಿಧಾನ ಮಾಡುತ್ತೆ, ಅದಕ್ಕೇ ಕೆಲವೇ ಸೆಕೆಂಡ್ ಸಾಕು.

ಡಂಪ್ ಒಂದೇ ತೆಗೆದರೆ ಸಾಲದು. ಐದೈದು ಸೆಕೆಂಡ್ ಬಿಟ್ಟು ಮೂರು ತೆಗೀರಿ. ಒಂದರಲ್ಲಿ ಒಂದು ಥ್ರೆಡ್ ಯಾವುದೋ ಸಾಲಿನಲ್ಲಿ ಕಂಡರೆ ಅದು ಆಗಷ್ಟೇ ಅಲ್ಲಿಗೆ ಬಂದಿರಬಹುದು. ಮೂರರಲ್ಲೂ ಅದೇ ಸಾಲಿನಲ್ಲಿ ಇದ್ದರೆ ಅದು ಅಲ್ಲೇ ಸಿಕ್ಕಿಹಾಕಿಕೊಂಡಿದೆ ಅಂತ ಬಲವಾಗಿ ಅನುಮಾನಿಸಬಹುದು.

ಚನ್ನರಾಯಪಟ್ಟಣದ ತಪ್ಪಲ್ಲ

ಈಗ ನಮ್ಮ ಸರ್ವರಿನ ಡಂಪ್ ಓದೋಣ. ಅದರಲ್ಲಿ ಹತ್ತು ಥ್ರೆಡ್ಡುಗಳ ಪೂಲ್ ಇದೆ. ಒಂದು ಕೋರಿಕೆ ಬಂದರೆ ಒಂದು ಥ್ರೆಡ್ ಅದನ್ನು ಹಿಡಿದು ಮುಗಿಸುತ್ತೆ. ಪ್ರತಿ ಬಸ್ಸಿನ ಸೀಟುಪಟ್ಟಿಗೂ ಒಂದು ಲಾಕ್ ಇದೆ. ಸೀಟು ಬದಲಾಯಿಸೋ ಫಂಕ್ಷನ್, ಬಿಡೋ ಬಸ್ಸಿನ ಲಾಕ್ ಮೊದಲು ಹಿಡಿದು, ಹತ್ತೋ ಬಸ್ಸಿನ ಲಾಕ್ ಆಮೇಲೆ ಹಿಡಿಯುತ್ತೆ. ಓದೋಕೆ ಸರಿಯಾಗಿಯೇ ಇದೆ.

ಡಂಪ್ ಹೇಳೋದು ಹೀಗೆ: ಮೂರನೇ ಥ್ರೆಡ್ ಹೊಳೆನರಸೀಪುರದ ಲಾಕ್ ಹಿಡಿದು ಅರಕಲಗೂಡಿನ ಲಾಕ್‌ಗೆ ಕಾಯ್ತಿದೆ. ಏಳನೇ ಥ್ರೆಡ್ ಅರಕಲಗೂಡಿನ ಲಾಕ್ ಹಿಡಿದು ಹೊಳೆನರಸೀಪುರದ ಲಾಕ್‌ಗೆ ಕಾಯ್ತಿದೆ. ಒಬ್ಬ ವಿದ್ಯಾರ್ಥಿ ಹೊಳೆನರಸೀಪುರದ ಬಸ್ ಬಿಟ್ಟು ಅರಕಲಗೂಡಿನದಕ್ಕೆ ಹೋಗೋಕೆ ಒತ್ತಿದ ಕ್ಷಣದಲ್ಲೇ, ಇನ್ನೊಬ್ಬಳು ಅರಕಲಗೂಡಿನದು ಬಿಟ್ಟು ಹೊಳೆನರಸೀಪುರದ್ದಕ್ಕೆ ಹೋಗೋಕೆ ಒತ್ತಿದ್ದಾಳೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಬಿಡ್ತಾರೆ. ಯಾರೂ ಬಿಡಲ್ಲ. ಸಿಲಬಸ್ಸಿನ ಡೆಡ್‌ಲಾಕ್ ಇದೇ. ಜೆಸ್ಟ್ಯಾಕ್ ಆದರೆ ಇಂಥ ಡೆಡ್‌ಲಾಕ್ ಸಿಕ್ಕಿತು ಅಂತ ಕೊನೆಯಲ್ಲಿ ತಾನೇ ಬರೆದು ಕೊಡುತ್ತೆ.

ಉಳಿದ ಎಂಟು ಥ್ರೆಡ್ಡುಗಳ ಕಥೆ ಏನು? ಆಮೇಲೆ ಬಂದ ಹೊಳೆನರಸೀಪುರ, ಅರಕಲಗೂಡಿನ ಕೋರಿಕೆಗಳೆಲ್ಲ ಅದೇ ಎರಡು ಲಾಕ್‌ಗಳಿಗೆ ಕಾಯ್ತಾ ಒಂದೊಂದು ಥ್ರೆಡ್ಡನ್ನು ನುಂಗಿದವು. ಎಂಟೂ ತುಂಬಿತು. ಅಲ್ಲಿವರೆಗೆ ಚನ್ನರಾಯಪಟ್ಟಣದವರಿಗೆ ಸರಾಗವಾಗಿ ಸೀಟು ಸಿಗ್ತಿತ್ತು. ಈಗ ಅವರ ಕೋರಿಕೆಯನ್ನು ಕೈಗೆತ್ತಿಕೊಳ್ಳೋಕೆ ಥ್ರೆಡ್ಡೇ ಇಲ್ಲ. ಅವರಿಗೂ ನಿಂತಿತು.

ಇಲ್ಲೇ ಗಮನಿಸಬೇಕಾದ್ದು ಇರೋದು. ಬಳಸುವವರ ದೂರಿನ ಪ್ರಕಾರ ಹೋದರೆ ಎಲ್ಲ ಊರಿನಲ್ಲೂ ತೊಂದರೆ. ಕೊನೆಗೆ ಫೋನ್ ಬಂದದ್ದು ಚನ್ನರಾಯಪಟ್ಟಣದಿಂದ ಅಂತ ಅಲ್ಲಿಯ ಕೋಡ್ ಕೆದಕಿದರೆ ದಿನವಿಡೀ ಹುಡುಕಿದರೂ ಏನೂ ಸಿಗಲ್ಲ. ನೋವು ಕಾಣೋ ಜಾಗ ಬೇರೆ, ರೋಗ ಇರೋ ಜಾಗ ಬೇರೆ. ಆ ಎರಡನ್ನೂ ಬೇರೆ ಮಾಡಿ ತೋರಿಸಿದ್ದು ಥ್ರೆಡ್ ಡಂಪ್. ರೀಸ್ಟಾರ್ಟ್ ಮಾಡಿದ್ದರೆ ಇದರಲ್ಲಿ ಒಂದಕ್ಷರವೂ ಉಳೀತಿರಲಿಲ್ಲ.

ಪರಿಹಾರ ಸಣ್ಣದು. ಯಾವ ಬಸ್ಸಿನಿಂದ ಯಾವುದಕ್ಕೆ ಹೋದರೂ, ಚಿಕ್ಕ ನಂಬರಿನ ಬಸ್ಸಿನ ಲಾಕ್ ಮೊದಲು, ದೊಡ್ಡದು ಆಮೇಲೆ. ಎಲ್ಲರೂ ಒಂದೇ ಕ್ರಮದಲ್ಲಿ ಹಿಡಿದರೆ ಈ ಸುತ್ತು ಬೀಳೋಕೆ ಸಾಧ್ಯವೇ ಇಲ್ಲ. ಪರೀಕ್ಷೆ ಮಾಡುವಾಗ ಇದು ಯಾಕೆ ಸಿಗಲಿಲ್ಲ ಅಂದರೆ, ಲ್ಯಾಬ್‌ನಲ್ಲಿ ಒಬ್ಬರೇ ಕೂತು ಒಂದೊಂದೇ ಬಟನ್ ಒತ್ತಿದಾಗ ಎರಡು ಥ್ರೆಡ್ ಎದುರುಬದುರಾಗೋದೇ ಇಲ್ಲ. ಕೆಲವು ತಪ್ಪುಗಳು ಜನ ಸೇರಿದಾಗ ಮಾತ್ರ ಹುಟ್ಟುತ್ತವೆ.

ಮಂಗಳದಲ್ಲೂ ಲಾಕ್‌ನದೇ ಕಥೆ

ಲಾಕ್‌ನ ತೊಂದರೆ ನಮ್ಮಂಥ ವಿದ್ಯಾರ್ಥಿಗಳ ಕೋಡಿನಲ್ಲಿ ಮಾತ್ರ ಅಂತ ತಿಳಿಯಬೇಡಿ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ಮಂಗಳದ ಮೇಲೆ ಇಳಿಯಿತು. ಕೆಲವು ದಿನಗಳಲ್ಲೇ ಅದರ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಕೂಡಿಸೋ ಕಡಿಮೆ ಆದ್ಯತೆಯ ಕೆಲಸವೊಂದು ಒಂದು ಲಾಕ್ ಹಿಡಿದಿರ್ತಿತ್ತು. ಅದೇ ಲಾಕ್‌ಗೆ ಹೆಚ್ಚು ಆದ್ಯತೆಯ ಕೆಲಸವೊಂದು ಕಾಯ್ತಿತ್ತು. ನಡುವೆ ಮಧ್ಯಮ ಆದ್ಯತೆಯ ಕೆಲಸಗಳು ನುಗ್ಗಿ ಸಿಪಿಯು ಹಿಡೀತಿದ್ದವು. ಲಾಕ್ ಹಿಡಿದವನಿಗೆ ಓಡೋಕೆ ಸರದಿ ಸಿಗದ ಕಾರಣ ಲಾಕ್ ಬಿಡೋಕೂ ಆಗ್ತಿರಲಿಲ್ಲ. ಮುಖ್ಯ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ ಎಲ್ಲವನ್ನೂ ರೀಸೆಟ್ ಮಾಡ್ತಿತ್ತು. ಪಠ್ಯದಲ್ಲಿ ಇದನ್ನು ಪ್ರಯಾರಿಟಿ ಇನ್ವರ್ಶನ್ ಅಂತ ಓದ್ತೀವಿ.

ಎಂಜಿನಿಯರುಗಳು ಭೂಮಿಯ ಮೇಲಿದ್ದ ಅದರ ತದ್ರೂಪಿನಲ್ಲಿ, ಒಳಗಿನ ಘಟನೆಗಳನ್ನು ದಾಖಲಿಸೋ ಸೌಲಭ್ಯ ಹಚ್ಚಿಟ್ಟು, ಅದೇ ತೊಂದರೆ ಮತ್ತೆ ಬರೋವರೆಗೂ ಓಡಿಸಿದರು. ಕಾರಣ ಸಿಕ್ಕ ಮೇಲೆ ಆ ಲಾಕ್‌ಗೆ ಪ್ರಯಾರಿಟಿ ಇನ್ಹೆರಿಟೆನ್ಸ್ ಅನ್ನೋ ಆಯ್ಕೆ ಆನ್ ಮಾಡಿದರು. ಆಗ ಲಾಕ್ ಹಿಡಿದವನಿಗೆ, ಕಾಯ್ತಿರೋ ದೊಡ್ಡವನ ಆದ್ಯತೆಯೇ ತಾತ್ಕಾಲಿಕವಾಗಿ ಸಿಗುತ್ತೆ. ಆ ಬದಲಾವಣೆಯನ್ನು ಮಂಗಳದಲ್ಲಿದ್ದ ಯಂತ್ರಕ್ಕೇ ಕಳಿಸಿದರು. ದಾಖಲಿಸೋ ಸೌಲಭ್ಯವನ್ನು ಹಾರಿಸೋ ಮೊದಲೇ ಇಟ್ಟಿದ್ದರಿಂದ ಇದು ಸಾಧ್ಯವಾಯ್ತು.

ಮುಟ್ಟುವಾಗ ನೆನಪಿರಲಿ

ನೋಡಿ ಆಯ್ತು, ಇನ್ನು ಏನಾದರೂ ಬದಲಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೂ ವಾಪಸ್ ತರೋಕೆ ಬರುವಂಥದ್ದು. ಎಷ್ಟು ಗಂಟೆಗೆ ಏನು ಮಾಡಿದೆವು ಅಂತ ಬರೆದಿಡಿ. ಎರಡು ಸರ್ವರ್ ಇದ್ದರೆ ಸಿಕ್ಕಿಬಿದ್ದದ್ದಕ್ಕೆ ಹೊಸ ಕೋರಿಕೆ ಹೋಗದಂತೆ ತಡೆದು, ಜನರನ್ನು ಇನ್ನೊಂದರ ಕಡೆ ತಿರುಗಿಸಿ. ಕೆಟ್ಟದ್ದನ್ನು ಆಮೇಲೆ ನಿಧಾನವಾಗಿ ನೋಡಬಹುದು. ಕಿಲ್ ಮೈನಸ್ 9 ಕಟ್ಟಕಡೆಯದು. ಅದು ಪ್ರೋಗ್ರಾಂಗೆ ಕೊನೆಯ ಮಾತು ಹೇಳೋಕೂ ಬಿಡಲ್ಲ.

ಇನ್ನೊಂದು ಮಾತು ಯಾರೂ ಹೇಳಿಕೊಡಲ್ಲ. ಮೆಮೊರಿಯ ನಕಲಿನಲ್ಲಿ ಬಳಸುವವರ ಪಾಸ್‌ವರ್ಡ್, ಫೋನ್ ನಂಬರ್ ಎಲ್ಲ ಇರಬಹುದು. ಅದನ್ನು ಗೆಳೆಯರ ವಾಟ್ಸ್ಯಾಪ್ ಗುಂಪಿಗೆ ಹಾಕಿ ಸಹಾಯ ಕೇಳಬಾರದು.

ಪಾತ್‌ಫೈಂಡರಿನಂತೆ ನಾವೂ ಕಿಟಕಿಗಳನ್ನು ಮುಂಚೆಯೇ ಇಡಬೇಕು. ಪ್ರತಿ ಕೋರಿಕೆಗೂ ಒಂದು ಗುರುತಿನ ನಂಬರ್ ಕೊಟ್ಟು, ಲಾಗ್‌ನ ಪ್ರತಿ ಸಾಲಿನಲ್ಲೂ ಸಮಯದ ಜೊತೆ ಬರೆಯಿರಿ. ಥ್ರೆಡ್ಡುಗಳಿಗೆ ಅರ್ಥವಾಗೋ ಹೆಸರಿಡಿ. ಲಾಕ್‌ಗೂ ಡೇಟಾಬೇಸ್ ಕರೆಗೂ ಟೈಮ್‌ಔಟ್ ಇಡಿ. ಆಗ ಪ್ರೋಗ್ರಾಂ ಮೌನವಾಗಿ ನಿಲ್ಲೋ ಬದಲು ತಪ್ಪಾಗಿದೆ ಅಂತ ಬಾಯಿಬಿಟ್ಟು ಹೇಳುತ್ತೆ. ಸರ್ವರಿನಲ್ಲಿ ಓಡ್ತಿರೋದು ಕೋಡಿನ ಯಾವ ಆವೃತ್ತಿ ಅಂತ ತಿಳಿದಿರಲಿ. ಇಲ್ಲದಿದ್ದರೆ ಡಂಪ್ ತೋರಿಸೋ ಸಾಲಿಗೂ ನಮ್ಮ ಕೈಲಿರೋ ಸಾಲಿಗೂ ತಾಳೆಯಾಗಲ್ಲ.

ಇಷ್ಟು ಓದಿದ ಮೇಲೆ ಕೈಯಾರೆ ಮಾಡಿ ನೋಡದಿದ್ದರೆ ಉಪಯೋಗವಿಲ್ಲ. ಈ ವಾರ ಹಾಸ್ಟೆಲಿನಲ್ಲಿ ಒಂದು ಗಂಟೆ ತೆಗೆದಿಡಿ. ಪೈಥಾನ್ ಅಥವಾ ಜಾವಾದಲ್ಲಿ ಎರಡು ಲಾಕ್, ಹತ್ತು ಥ್ರೆಡ್ ಇರೋ ಪುಟ್ಟ ಸರ್ವರ್ ಬರೀರಿ. ಮೊದಲ ಲಾಕ್ ಹಿಡಿದ ಮೇಲೆ ಎರಡನೆಯದಕ್ಕೆ ಹೋಗೋ ಮುನ್ನ ಎರಡು ಸೆಕೆಂಡ್ ಸ್ಲೀಪ್ ಹಾಕಿ. ಎರಡು ಬ್ರೌಸರ್ ಟ್ಯಾಬ್ ತೆರೆದು, ಎದುರುಬದುರು ದಿಕ್ಕಿನ ಕೋರಿಕೆ ಒಟ್ಟಿಗೆ ಕಳಿಸಿ. ಅದು ನಿಲ್ಲುತ್ತೆ. ಈಗ ನಿಲ್ಲಿಸದೆ, ಕೋಡ್ ತೆರೆಯದೆ, ಬರೀ ಟಾಪ್ ಮತ್ತು ಥ್ರೆಡ್ ಡಂಪ್‌ನಿಂದ ಕಾರಣ ಹೇಳೋಕಾಗುತ್ತಾ ನೋಡಿ. ಉಬುಂಟುವಿನಲ್ಲಿ ಪೈ-ಸ್ಪೈ ಅನುಮತಿ ಇಲ್ಲ ಅಂದರೆ ಸುಡೋ ಜೊತೆ ಓಡಿಸಿ. ಲಾಕ್ ಯಾರ ಕೈಲಿದೆ ಅಂತ ಪೈ-ಸ್ಪೈ ನೇರವಾಗಿ ಹೇಳಲ್ಲ, ಯಾವ ಥ್ರೆಡ್ ಯಾವ ಸಾಲಿನಲ್ಲಿದೆ ಅನ್ನೋದರಿಂದ ನಾವೇ ಕಂಡುಹಿಡಿಯಬೇಕು. ಸಿಕ್ಕ ಮೇಲೆ ಲಾಕ್‌ಗಳ ಕ್ರಮ ಸರಿಮಾಡಿ, ಅದೇ ಎರಡು ಟ್ಯಾಬ್‌ಗಳಿಂದ ಮತ್ತೆ ಕಳಿಸಿ. ಈ ಸಲ ಎರಡಕ್ಕೂ ಉತ್ತರ ಬರಬೇಕು.